ತೀರದ ಋಣ

ಮನುಷ್ಯನ ಸುಖವೆಲ್ಲವೂ ಒಂದಿಲ್ಲೊಂದು ಬಗೆಯಿಂದ ಪರರ ಶ್ರಮದ ಫಲವೆಂಬುದನ್ನು ಎಲ್ಲರೂ ಬಾಯಿಮಾತಿನಲ್ಲಿ ಒಪ್ಪುತ್ತಾರೆ. ಉಣ್ಣುವ ಅನ್ನದ ಹಿಂದೆ ರೈತನ ಬೆವರಿದೆ, ಉಡುವ ಬಟ್ಟೆಯ ಹಿಂದೆ ನೇಕಾರನ ಕೈಯಿದೆ ಎಂದು ಮಕ್ಕಳ ಪಾಠಪುಸ್ತಕಗಳೂ ಹೇಳುತ್ತವೆ. ಆದರೆ ಕೆಲವು ಸುಖಗಳು ಮಾತ್ರ ಈ ಲೆಕ್ಕಕ್ಕೆ ಸೇರದವುಗಳಂತೆ ತೋರುತ್ತವೆ. ಬೆಳದಿಂಗಳನ್ನು ಕಾಣುವುದು, ತಂಗಾಳಿಗೆ ಮೈಯೊಡ್ಡುವುದು, ಕಡಲನ್ನು ನೋಡುತ್ತ ನಿಲ್ಲುವುದು ಮೊದಲಾದುವಕ್ಕೆ ಬೆಲೆಯಿಲ್ಲ. ಇವುಗಳಿಂದ ಯಾರಿಗೂ ನಷ್ಟವಿಲ್ಲ. ಆದುದರಿಂದ ಇವುಗಳನ್ನು ಅನುಭವಿಸಿದವನ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ ಎಂಬುದು ಸಾಮಾನ್ಯವಾದ ಭಾವನೆ. ಈ ಭಾವನೆಯು ಸರಿಯೆ ಎಂಬುದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ. ಪ್ರಶ್ನೆಯು ಬರಿಯ ಶುಷ್ಕತರ್ಕವಾಗದಂತೆ, ಒಂದು ನಿಜವಾದ ಸ್ಥಳವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಮೇಲು.

ಕನ್ನಡನಾಡಿನ ಎಷ್ಟೋ ಮನೆಗಳ ಮಕ್ಕಳು ಈಗ ಸಿಂಗಪುರದಲ್ಲಿ ಉದ್ಯೋಗದಲ್ಲಿದ್ದಾರೆ. ಅವರನ್ನು ನೋಡಿಬರಲು ಹೋದ ತಂದೆತಾಯಿಗಳನ್ನು ರಜೆಯ ದಿನ ಬೆಳಿಗ್ಗೆ ವಾಯುಸೇವನೆಗೆಂದು ಕರೆದೊಯ್ಯುವ ಸ್ಥಳಗಳಲ್ಲಿ ಈಸ್ಟ್ ಕೋಸ್ಟ್ ಪಾರ್ಕ್ ಎಂಬ ಕಡಲಂಚಿನ ಉದ್ಯಾನವೂ ಒಂದು. ದ್ವೀಪದ ಆಗ್ನೇಯ ತೀರದಲ್ಲಿ ಸುಮಾರು ೧೫ ಕಿಲೋಮೀಟರು ಉದ್ದಕ್ಕೆ ಚಾಚಿರುವ ಈ ಉದ್ಯಾನದ ವಿಸ್ತೀರ್ಣವು ೧೮೫ ಹೆಕ್ಟೇರು. ಒಳಗೆ ಹೋಗುವುದಕ್ಕೆ ಹಣ ಕೊಡಬೇಕಾಗಿಲ್ಲ. ನಡೆಯುವವರಿಗೆ ಒಂದು ದಾರಿ, ಬೈಸಿಕಲ್ಲಿನವರಿಗೆ ಅದರ ಪಕ್ಕದಲ್ಲಿಯೇ ಮತ್ತೊಂದು ದಾರಿ. ಎರಡರ ಮೇಲೂ ತೆಂಗು, ಗಾಳಿಮರ, ಕಾಡುಬಾದಾಮಿಗಳ ನೆರಳು. ಒಂದು ಕಡೆ ಮರಳು, ಅದರಾಚೆ ನೀರು, ನೀರಿನ ಮೇಲೆ ದಿಗಂತದವರೆಗೂ ಲಂಗರು ಹಾಕಿ ಸರದಿಗಾಗಿ ಕಾಯುತ್ತಿರುವ ಹಡಗುಗಳ ಸಾಲು. ಬೈಸಿಕಲ್ಲನ್ನು ಬಾಡಿಗೆಗೆ ಪಡೆದ ಹುಡುಗರು ಗಂಟೆ ಬಾರಿಸುತ್ತ ಹಾದುಹೋಗುತ್ತಾರೆ. ಬೆಡೋಕಿನ ಧಕ್ಕೆಯ ಮೇಲೆ ಗಾಳ ಹಾಕಿದವರು ಮಾತಿಲ್ಲದೆ ನಿಂತಿರುತ್ತಾರೆ. ಮಂಡಿನೋವಿನ ಹಿರಿಯರು ಬೆಂಚಿನ ಮೇಲೆ ಕುಳಿತು ಹಡಗುಗಳನ್ನು ಎಣಿಸುತ್ತಾರೆ. ಮಂಗಳೂರು ಕಾರವಾರಗಳ ಕಡೆಯಿಂದ ಬಂದವರಿಗೆ ಆ ಗಾಳಿಯ ಉಪ್ಪು ಪರಿಚಿತವೇ ಸರಿ. ಬಯಲುಸೀಮೆಯಿಂದ ಬಂದವರಿಗೆ ಅಷ್ಟು ನೀರನ್ನು ಒಮ್ಮೆಗೇ ಕಾಣುವುದೇ ಒಂದು ವಿಸ್ಮಯ.

ಇಂಥಲ್ಲಿ ಒಂದು ಗಳಿಗೆಯನ್ನು ಸುಖವಾಗಿ ಕಳೆದವನು ಯಾರಿಗೆ ಏನನ್ನು ಕೊಡಬೇಕಾಗಿದೆ? ಏನನ್ನೂ ಕೊಡಬೇಕಾಗಿಲ್ಲವೆಂಬುದು ಪೂರ್ವಪಕ್ಷ. ಅದರ ಯುಕ್ತಿಯು ಹೀಗೆ: ಒಂದು ರೊಟ್ಟಿಯನ್ನು ಇಬ್ಬರು ಹಂಚಿಕೊಂಡರೆ ಪ್ರತಿಯೊಬ್ಬನ ಪಾಲೂ ಅರ್ಧವಾಗುತ್ತದೆ, ಕಡಲ ನೋಟವನ್ನು ಸಾವಿರ ಮಂದಿ ಹಂಚಿಕೊಂಡರೂ ಯಾರ ಪಾಲೂ ಕಡಿಮೆಯಾಗುವುದಿಲ್ಲ. ದೀಪದ ಬೆಳಕಿನಲ್ಲಿ ಒಬ್ಬನು ಓದಿದರೂ ಹತ್ತು ಮಂದಿ ಓದಿದರೂ ಉರಿಯುವ ಎಣ್ಣೆ ಅಷ್ಟೇ. ಯಾರಿಂದಲೂ ಏನನ್ನೂ ಕಸಿದುಕೊಳ್ಳದೆ ಬಂದ ಸುಖದಲ್ಲಿ ಋಣವೆಲ್ಲಿಂದ ಬಂದೀತು?

ಈ ಯುಕ್ತಿಯಲ್ಲಿ ಸತ್ಯಾಂಶವಿಲ್ಲದಿಲ್ಲ. ನೋಟವು ಹಂಚಿದಷ್ಟೂ ಉಳಿಯುವ ವಸ್ತುವೆಂಬುದು ನಿಜ. ಆದರೆ ನೋಡುವವನು ಎಲ್ಲಿಯಾದರೂ ನಿಂತು ನೋಡಬೇಕಷ್ಟೆ. ಕಣ್ಣಿಗೆ ಕಡಲು ಬೇಕಾದಂತೆ ಕಾಲಿಗೆ ನೆಲ ಬೇಕು. ಕಡಲಿಗೆ ಮೇರೆಯಿಲ್ಲದಿರಬಹುದು, ಕಡಲ ತಡಿಗೆ ಮೇರೆಯುಂಟು. ಬಂಗಲೆಯೆದ್ದ ತಡಿಯಲ್ಲಿ ಬಲೆಯನ್ನು ಹರಡುವಂತಿಲ್ಲ. ಬಂದರು ಬಂದ ತಡಿಯಲ್ಲಿ ಮಕ್ಕಳು ಆಡುವಂತಿಲ್ಲ. ಆದಕಾರಣ ನೋಟಕ್ಕೆ ಬೆಲೆಯಿಲ್ಲವೆನ್ನುವವನು ತಾನು ನಿಂತ ನೆಲದ ಕಥೆಯನ್ನು ಕೇಳಬೇಕಾಗುತ್ತದೆ.

ಈ ಉದ್ಯಾನದ ನೆಲದ ಕಥೆಯಾದರೋ ವಿಚಿತ್ರವಾದುದು. ಏಕೆಂದರೆ ಅರುವತ್ತು ವರ್ಷಗಳ ಹಿಂದೆ ಅದು ನೆಲವೇ ಆಗಿರಲಿಲ್ಲ. ೧೯೬೫ರಲ್ಲಿ ಸ್ವತಂತ್ರ ರಾಷ್ಟ್ರವಾದ ಸಿಂಗಪುರಕ್ಕೆ ಜನ ಹೆಚ್ಚು, ನೆಲ ಕಡಿಮೆ. ೧೯೬೬ರಲ್ಲಿ ಅಲ್ಲಿಯ ಸರಕಾರವು ಪೂರ್ವತೀರದ ಆಳವಿಲ್ಲದ ಕಡಲನ್ನು ತುಂಬಿಸುವ ಕಾರ್ಯಕ್ಕೆ ಕೈಹಾಕಿತು. ಸಿಗ್ಲಾಪ್, ಬೆಡೋಕ್ ಎಂಬ ಕಡೆಗಳ ಗುಡ್ಡಗಳನ್ನು ಯಂತ್ರಗಳಿಂದ ಕಡಿದು, ಆ ಮಣ್ಣನ್ನು ಎಡೆಬಿಡದೆ ಚಲಿಸುವ ಪಟ್ಟಿಗಳ ಮೇಲೆ ಸಾಗಿಸಿ ಕಡಲಿಗೆ ಸುರಿದರು. ಸುಮಾರು ಇಪ್ಪತ್ತು ವರ್ಷಗಳ ಕಾಲ ಹಂತಹಂತವಾಗಿ ನಡೆದ ಈ ಕೆಲಸದಿಂದ ೧,೫೦೦ ಹೆಕ್ಟೇರಿಗೂ ಮಿಕ್ಕ ಹೊಸ ನೆಲವು ಹುಟ್ಟಿತು. ಸುರಿದುದನ್ನು ಅಲೆಗಳು ಮರಳಿ ಎಳೆದುಕೊಂಡು ಹೋಗದಂತೆ ಅಲ್ಲಲ್ಲಿ ಕಲ್ಲಿನ ಚಾಚುಗಳನ್ನು ಕಟ್ಟಿ, ಎರಡು ಚಾಚುಗಳ ನಡುವೆ ಅಲೆಗಳೇ ಮರಳನ್ನು ಅರ್ಧಚಂದ್ರಾಕಾರಕ್ಕೆ ತಿದ್ದುವಂತೆ ಮಾಡಿದರು. ಇಂದು ನೋಡುವವರಿಗೆ ಸೃಷ್ಟಿಸಹಜವೆಂದು ತೋರುವ ಆ ಬಾಗುಬಾಗಿನ ಮರಳದಂಡೆಗಳು ಈ ಉಪಾಯದ ಫಲ. ಹೊಸ ನೆಲದ ಮೇಲೆ ಮರೀನ್ ಪೆರೇಡ್ ಎಂಬ ಬಹುಮಹಡಿಗಳ ವಸತಿಯೂ, ೧೯೮೧ರಲ್ಲಿ ತೆರೆದ ಚಾಂಗಿ ವಿಮಾನನಿಲ್ದಾಣಕ್ಕೆ ಹೋಗುವ ಹೆದ್ದಾರಿಯೂ, ಎಲ್ಲಕ್ಕೂ ಅಂಚಿನಲ್ಲಿ ಈ ಉದ್ಯಾನವೂ ಬಂದುವು. ೧೯೬೦ರ ಸುಮಾರಿಗೆ ೫೮೦ ಚದರ ಕಿಲೋಮೀಟರಿನಷ್ಟಿದ್ದ ಇಡೀ ದೇಶವು ಹೀಗೆ ಸುತ್ತಲೂ ಕಡಲನ್ನು ತುಂಬಿಸುತ್ತ ಬಂದು ಇಂದು ೭೩೦ ಚದರ ಕಿಲೋಮೀಟರನ್ನು ಮೀರಿದೆ.

ಹೊಸ ತೀರವು ಹುಟ್ಟಿದಾಗ ಹಳೆಯ ತೀರವು ಇಲ್ಲವಾಯಿತು. ಕಾಟೋಂಗ್ ಎಂಬಲ್ಲಿ ಸಮುದ್ರವನ್ನು ಕಾಯುವುದಕ್ಕೆಂದು ಬ್ರಿಟಿಷರು ೧೮೭೯ರಲ್ಲಿ ಕಟ್ಟಿದ ಒಂದು ಕೋಟೆಯಿತ್ತು. ೨೦೦೧ರಲ್ಲಿ ಮತ್ತೆ ಕಣ್ಣಿಗೆ ಬಿದ್ದ ಅದರ ಅವಶೇಷಗಳು ಈಗ ಇರುವುದು ನೀರಿನಿಂದ ದೂರದಲ್ಲಿ, ಮನೆ ರಸ್ತೆಗಳ ನಡುವೆ. ಕೋಟೆಯು ಇದ್ದಲ್ಲಿಯೇ ಇದೆ; ಅದು ಕಾಯಬೇಕಾಗಿದ್ದ ಸಮುದ್ರವೇ ದೂರ ಸರಿದಿದೆ. ಅದೇ ಕಾಟೋಂಗಿನಲ್ಲಿ ಕಡಲಿಗೆ ಮುಖಮಾಡಿದ ಧನಿಕರ ಬಂಗಲೆಗಳಿದ್ದುವು. ಕಡಲಂಚನ್ನು ಕಳೆದುಕೊಂಡದ್ದಕ್ಕಾಗಿ ಪರಿಹಾರವನ್ನು ಕೇಳುವ ಹಕ್ಕು ಅಂಥವರಿಗೆ ಇಲ್ಲದಂತೆ ೧೯೬೪ರಲ್ಲಿಯೇ ಕಾನೂನನ್ನು ತಿದ್ದಲಾಗಿತ್ತು. ಇನ್ನೂ ಪೂರ್ವಕ್ಕೆ, ಸಿಗ್ಲಾಪ್ ಬೆಡೋಕುಗಳ ದಂಡೆಯಲ್ಲಿ, ಮಲಾಯಿ ಬೆಸ್ತರ ಹಳ್ಳಿಗಳಿದ್ದುವು. ದಂಡೆಯೇ ಅಂಗಳವಾಗಿದ್ದವರಿಗೆ ಬಹುಮಹಡಿಯ ಕಟ್ಟಡಗಳಲ್ಲಿ ಮನೆಗಳಾದುವು. ಬಂಗಲೆಯವನಿಗೆ ಹೋದದ್ದು ನೋಟ. ಬೆಸ್ತನಿಗೆ ಹೋದದ್ದು ಬದುಕಿನ ಬಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇಲ್ಲಿ ಪೂರ್ವಪಕ್ಷಿಯು ಮತ್ತೊಮ್ಮೆ ಏಳುತ್ತಾನೆ. ಕೆಲವರು ಕಳೆದುಕೊಂಡರು, ಲಕ್ಷಾಂತರ ಮಂದಿ ಪಡೆದರು. ಸೂರಿಲ್ಲದವರಿಗೆ ಸೂರಾಯಿತು, ಬಡವರ ಮಕ್ಕಳಿಗೆ ಆಡುವುದಕ್ಕೆ ಬಯಲಾಯಿತು. ಬಹುಜನರ ಹಿತಕ್ಕಾಗಿ ಕೆಲವರ ನಷ್ಟವನ್ನು ಸಹಿಸುವುದು ರಾಜಧರ್ಮ. ಆದುದರಿಂದ ಲೆಕ್ಕವು ಚುಕ್ತಾ ಆಯಿತು, ಎಂದು ಅವನ ವಾದ. ರಾಜ್ಯವನ್ನು ನಡೆಸುವವನಿಗೆ ಈ ಲೆಕ್ಕವಿಲ್ಲದೆ ಗತಿಯಿಲ್ಲವೆಂಬುದನ್ನು ಒಪ್ಪತಕ್ಕದ್ದೇ. ಆದರೆ ಇದು ಮಾಡುವವನ ಲೆಕ್ಕವೇ ಹೊರತು ಅನುಭವಿಸುವವನ ಲೆಕ್ಕವಲ್ಲ. ಸಾವಿರ ಮಂದಿಗೆ ಲಾಭವಾದ ಮಾತ್ರಕ್ಕೆ ಒಬ್ಬನ ನಷ್ಟವು ಸಾವಿರದಿಂದ ಭಾಗಿಸಲ್ಪಟ್ಟು ಸೊನ್ನೆಯ ಹತ್ತಿರಕ್ಕೆ ಬರುವುದಿಲ್ಲ. ಅದು ಆ ಒಬ್ಬನಲ್ಲಿ ಇಡಿಯಾಗಿಯೇ ಇರುತ್ತದೆ. ಮಗಳ ಮದುವೆಗೆ ನೆರೆಯವನ ಚಪ್ಪರದ ಗಳುಗಳನ್ನು ತಂದವನು, ಊಟ ಮಾಡಿದವರು ಐನೂರು ಮಂದಿಯೆಂದು ಹೇಳಿ ಗಳುಗಳ ಮಾತನ್ನು ಮರೆಯುವಂತಿಲ್ಲ.

ಹಾಗಾದರೆ ಕಡಲ ತಡಿಯು ಯಾರ ಸೊತ್ತು? ಈ ಮೂಲಪ್ರಶ್ನೆಯನ್ನು ಮೀಮಾಂಸಕರು ಬಹು ಹಿಂದೆಯೇ ಬೇರೊಂದು ಪ್ರಸಂಗದಲ್ಲಿ ಎತ್ತಿದ್ದಾರೆ. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕು. ರಘುಮಹಾರಾಜನು ಈ ಯಾಗವನ್ನು ಮಾಡಿ, ಬಂದ ಅತಿಥಿಗೆ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ಕೊಡುವ ಸ್ಥಿತಿಗೆ ಬಂದನೆಂದು ಕಾಳಿದಾಸನ ಕಾವ್ಯದಲ್ಲಿದೆ. ಸರ್ವಸ್ವವೆಂದರೆ ಭೂಮಿಯೂ ಸೇರಿತೆ? ಸಾರ್ವಭೌಮನಾದವನು ಇಡೀ ಭೂಮಿಯನ್ನೇ ದಾನಮಾಡಬೇಕೆ? ಕೂಡದೆಂಬುದು ಜೈಮಿನಿಯ ನಿರ್ಣಯ. ಏಕೆಂದರೆ ಭೂಮಿಯು ಎಲ್ಲರಿಗೂ ಸಮಾನವಾದುದು. ಅದರ ಮೇಲೆ ರಾಜನಿಗಿರುವುದು ರಕ್ಷಣೆಯ ಅಧಿಕಾರವೇ ಹೊರತು ತನ್ನದೆಂಬ ಒಡೆತನವಲ್ಲ. ತನ್ನದಲ್ಲದುದನ್ನು ಕೊಡುವುದೆಂತು? ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರೂ ತಮ್ಮ ಜೈಮಿನೀಯನ್ಯಾಯಮಾಲೆಯಲ್ಲಿ ಇದನ್ನೇ ಸ್ಥಿರಪಡಿಸಿದ್ದಾರೆ. ಸಮುದ್ರವೂ ಸಮುದ್ರತೀರವೂ ಸಹಜನ್ಯಾಯದಿಂದ ಎಲ್ಲರಿಗೂ ಸೇರಿದುವೆಂದು ಆರನೆಯ ಶತಮಾನದ ರೋಮನ್ ಧರ್ಮಸಂಹಿತೆಯು ಹೇಳಿತು. ೧೯೯೬ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಬಿಯಾಸ್ ನದಿಯ ದಂಡೆಯ ಮೊಕದ್ದಮೆಯೊಂದರಲ್ಲಿ ಇದೇ ತತ್ತ್ವವನ್ನು ಹಿಡಿದು, ಇಂಥ ನೈಸರ್ಗಿಕ ಸಂಪತ್ತಿಗೆ ಸರಕಾರವು ಧರ್ಮದರ್ಶಿಯೇ ಹೊರತು ಒಡೆಯನಲ್ಲವೆಂದು ತೀರ್ಮಾನಿಸಿತು. ಪರಸ್ಪರ ಪರಿಚಯವಿಲ್ಲದ ಮೀಮಾಂಸಕರೂ ರೋಮಿನ ನ್ಯಾಯವಿದರೂ ಬೇರೆಬೇರೆ ದಾರಿಗಳಿಂದ ಬಂದು ಒಂದೇ ಮಾತನ್ನು ಹೇಳಿರುವುದು ಗಮನಾರ್ಹವಾಗಿದೆ.

ಈ ನಿರ್ಣಯದಿಂದ ಒಂದು ಅಳತೆಗೋಲು ದೊರೆಯುತ್ತದೆ. ಎಲ್ಲರದಾದ ವಸ್ತುವನ್ನು ಕಾಯುವವನು ಅದರ ರೂಪವನ್ನು ಬದಲಾಯಿಸಬಹುದು. ಆದರೆ ಅದು ಎಲ್ಲರದಾಗಿಯೇ ಉಳಿಯಬೇಕು. ಧರ್ಮಶಾಸ್ತ್ರಗಳಲ್ಲಿ ಬಾವಿ, ಕೆರೆ, ಉದ್ಯಾನಗಳನ್ನು ಮಾಡಿಸುವುದಕ್ಕೆ ಪೂರ್ತವೆಂದು ಹೆಸರು. ಮಾಡಿಸಿದ ಮೇಲೆ ಉತ್ಸರ್ಗವೆಂಬ ವಿಧಿಯಿಂದ ಅದನ್ನು ಸಕಲರಿಗೂ ಬಿಟ್ಟುಕೊಡಬೇಕು. ಅನಂತರ ಕಟ್ಟಿಸಿದವನೂ ಆ ಕೆರೆಯ ನೀರನ್ನು ಕುಡಿಯಬಹುದು. ಆದರೆ ಒಡೆಯನಾಗಿ ಅಲ್ಲ, ಸಕಲರಲ್ಲಿ ಒಬ್ಬನಾಗಿ. ಈ ಅಳತೆಗೋಲನ್ನು ಹಿಡಿದರೆ ಸಿಂಗಪುರದ ಉದ್ಯಾನವು ನಿಲ್ಲುತ್ತದೆಂದೇ ಹೇಳಬೇಕು. ಹಿಂದೆ ಬಂಗಲೆಯ ಬೇಲಿಯೊಳಗಿದ್ದ ನೋಟವು ಈಗ ಯಾರಿಗೂ ತಡೆಯಿಲ್ಲದ್ದು. ಭಾನುವಾರ ಬಿಡುವು ದೊರೆತ ಹೊರನಾಡಿನ ಕೂಲಿಗಾರನೂ ದೊಡ್ಡ ಸಂಬಳದ ಅಧಿಕಾರಿಯೂ ಅದೇ ಮರಳಿನ ಮೇಲೆ ಕುಳಿತುಕೊಳ್ಳಬಹುದು. ಆದರೂ ಬೆಸ್ತರ ಪಾಲಿನ ಋಣವು ಇದರಿಂದ ತೀರಲಿಲ್ಲ. ತೀರಿಸಲು ಯೋಗ್ಯವಾದ ಋಣವಾಯಿತು, ಅಷ್ಟೆ.

ಕಡಲಿಂದ ಪಡೆದ ನೆಲದ ಮಾತು ಕನ್ನಡ ಕರಾವಳಿಗೆ ಹೊಸದಲ್ಲ. ಪರಶುರಾಮನು ತಾನು ಗೆದ್ದ ಭೂಮಿಯೆಲ್ಲವನ್ನೂ ಕಶ್ಯಪನಿಗೆ ದಾನಮಾಡಿದನು. ಕೊಟ್ಟ ನೆಲದಲ್ಲಿ ತಾನೇ ನಿಲ್ಲುವಂತಿಲ್ಲವೆಂದಾದಾಗ ಸಮುದ್ರರಾಜನಲ್ಲಿ ಇಂಬನ್ನು ಬೇಡಿದನು. ಕೊಡಲಿಯನ್ನು ಎಸೆದಷ್ಟು ದೂರಕ್ಕೆ ಕಡಲು ಹಿಂದೆ ಸರಿಯಿತು. ಕರಾವಳಿಯ ಅಜ್ಜಿಯರು ಹೇಳುವ ಈ ಕಥೆಯ ತಿರುಳು ಕೊಡಲಿಯ ಮಹಿಮೆಯಲ್ಲಿಲ್ಲ. ಅಂಥ ಪರಾಕ್ರಮಿಯೂ ನೆಲವನ್ನು ಬೇಡಿಯೇ ಪಡೆದನೆಂಬುದರಲ್ಲಿದೆ. ಬೇಡಿ ಪಡೆದ ನೆಲದ ಮೇಲೆ ನಡೆಯುವ ನಡೆಯೇ ಬೇರೆ.

ಇನ್ನೊಂದು ಶಂಕೆಯು ಉಳಿಯುತ್ತದೆ. ಒಂದು ಸುಖದ ಬುಡದಲ್ಲಿ ಪರರ ನಷ್ಟವಿದೆಯೆಂದು ತಿಳಿದ ಮೇಲೆ ಸೂಕ್ಷ್ಮಮನಸ್ಸಿನವನು ಅಲ್ಲಿಗೆ ಹೋಗದಿರುವುದೇ ಉಚಿತವಲ್ಲವೆ? ಇದು ಧರ್ಮವೆಂದು ತೋರಿದರೂ ನಿಜದಲ್ಲಿ ಧರ್ಮದಿಂದ ನುಣುಚಿಕೊಳ್ಳುವ ಉಪಾಯವಾಗಿದೆ. ಸಾಲದ ಅಕ್ಕಿಯನ್ನು ಬೇಯಿಸಿ ಉಣ್ಣದೆ ಹಾಳುಮಾಡಿದರೆ ಸಾಲವು ತೀರುವುದಿಲ್ಲ. ಒಬ್ಬ ಹಿರಿಯನು ಬೆಂಚಿನಿಂದ ಎದ್ದುಹೋದ ಮಾತ್ರಕ್ಕೆ ಬೆಡೋಕಿನ ಬೆಸ್ತನಿಗೆ ಅವನ ದಂಡೆಯು ಮರಳಿ ಬರುವುದಿಲ್ಲ. ಅಲ್ಲದೆ, ಕಡಲ ಗಾಳಿಯು ಶರೀರಕ್ಕೂ ಮನಸ್ಸಿಗೂ ಕೊಡುವ ಸಮಾಧಾನವು ಸಣ್ಣ ವಸ್ತುವಲ್ಲ; ಅದನ್ನು ತುಚ್ಛವೆಂದು ತಳ್ಳುವುದು ಕೊಟ್ಟವರಿಗೂ ಕಳೆದುಕೊಂಡವರಿಗೂ ಅವಮಾನ. ಸುಖವನ್ನು ಬಿಡುವುದು ಇಲ್ಲಿ ಉತ್ತರವಲ್ಲ; ಅದನ್ನು ಋಣವೆಂದು ತಿಳಿದು ಅನುಭವಿಸುವುದು ಉತ್ತರ.

ಋಣವನ್ನು ತೀರಿಸುವುದು ಹೇಗೆ? ವೈದಿಕ ಪರಂಪರೆಯಲ್ಲಿ ಮನುಷ್ಯನು ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯಾಗಿ ಹುಟ್ಟುತ್ತಾನೆ. ಮನುಷ್ಯರಿಗೂ ಋಣಿಯೆಂದು ಶತಪಥಬ್ರಾಹ್ಮಣವು ನಾಲ್ಕನೆಯದನ್ನು ಸೇರಿಸುತ್ತದೆ. ಈ ಋಣಗಳನ್ನು ತೀರಿಸುವ ಕ್ರಮದಲ್ಲಿ ಒಂದು ವಿಶೇಷವಿದೆ. ಋಷಿಋಣವು ವಿದ್ಯೆಯನ್ನು ಕಲಿತು ಉಳಿಸುವುದರಿಂದ ತೀರುತ್ತದೆ. ಪಿತೃಋಣವು ಸಂತಾನದಿಂದ ತೀರುತ್ತದೆ. ಮನುಷ್ಯಋಣವು ಬಂದವರಿಗೆ ಇಂಬನ್ನೂ ಅನ್ನವನ್ನೂ ಕೊಡುವುದರಿಂದ ತೀರುತ್ತದೆ. ಈ ಮೂರರಲ್ಲಿಯೂ ಪಡೆದದ್ದನ್ನು ಕೊಟ್ಟವನಿಗೇ ಹಿಂದಿರುಗಿಸುವುದಿಲ್ಲ. ಮುಂದೆ ಬರುವವನಿಗೆ ಸಲ್ಲಿಸುತ್ತಾರೆ. ಕಡಲ ತಡಿಯ ಋಣವೂ ಈ ಜಾತಿಯದು.

ಅದರ ಮೊದಲ ಕಂತು ಸ್ಮರಣೆ. ಇಲ್ಲಿ ಮೊದಲು ನೀರಿತ್ತು, ನೀರಿನಂಚಿನಲ್ಲಿ ಇಂಥವರಿದ್ದರು ಎಂದು ಮೊಮ್ಮಗನಿಗೆ ಒಂದು ಮಾತು ಹೇಳುವುದಕ್ಕೆ ಖರ್ಚಿಲ್ಲ. ಹೇಳದಿದ್ದರೆ, ಈ ಮರಳು ಯಾವಾಗಲೂ ಇಲ್ಲಿಯೇ ಇತ್ತು, ತನಗಾಗಿಯೇ ಇತ್ತು ಎಂದು ಆ ಮಗುವು ಭಾವಿಸುವುದು ಸಹಜ.

ಎರಡನೆಯದು ದಾರಿಯ ಮರ್ಯಾದೆ. ಸಿಂಗಪುರದ ಬೈಸಿಕಲ್ ದಾರಿಗಳಲ್ಲಿ ಗಂಟೆಗೆ ೨೫ ಕಿಲೋಮೀಟರನ್ನು ಮೀರಕೂಡದೆಂಬ ನಿಯಮವಿದೆ. ನಿಯಮವು ವೇಗವನ್ನು ಕಟ್ಟಬಲ್ಲುದು, ದಾಕ್ಷಿಣ್ಯವನ್ನು ಕಲಿಸಲಾರದು. ವೃದ್ಧ, ರೋಗಿ, ಹೊರೆ ಹೊತ್ತವನು, ಸ್ತ್ರೀ ಇವರಿಗೆ ದಾರಿ ಬಿಡಬೇಕೆಂದು ಸ್ಮೃತಿಕಾರರು ವಿಧಿಸಿ, ರಾಜನೂ ಸ್ನಾತಕನಿಗೆ ದಾರಿ ಬಿಡತಕ್ಕದ್ದೆಂದು ಹೇಳಿದರು. ದಾರಿಯಲ್ಲಿ ಅಧಿಕಾರದ ಬಲವು ನಡೆಯಬಾರದೆಂಬುದು ಇದರ ಆಶಯ. ಚಕ್ರದ ಮೇಲಿರುವವನು ಕಾಲ್ನಡೆಯವನಿಗೆ ತಡೆದು ನಿಲ್ಲುವುದು ಹೇಗೆ ಧರ್ಮವೋ, ಮಾತಿನ ಭರದಲ್ಲಿ ನಾಲ್ವರು ಸಾಲಾಗಿ ಬೈಸಿಕಲ್ಲಿನ ದಾರಿಯನ್ನು ತುಂಬಿಕೊಂಡು ನಡೆಯದಿರುವುದೂ ಹಾಗೆಯೇ ಧರ್ಮ.

ಮೂರನೆಯದು ಆರೈಕೆ. ೨೦೨೪ರ ಜೂನ್ ೧೪ರಂದು ಸಿಂಗಪುರದ ಬಂದರಿನಲ್ಲಿ ಹೂಳೆತ್ತುವ ಹಡಗೊಂದು ನಿಂತಿದ್ದ ಇನ್ನೊಂದು ಹಡಗಿಗೆ ತಗುಲಿ, ಸುಮಾರು ೪೦೦ ಟನ್ನು ಎಣ್ಣೆಯು ಕಡಲಿಗೆ ಸೇರಿತು. ಅದರ ಕಪ್ಪು ಅಲೆಯೊಡನೆ ಬಂದು ಈ ಉದ್ಯಾನದ ಮರಳಿಗೂ ಹತ್ತಿತು. ದಂಡೆಗಳನ್ನು ಮುಚ್ಚಿ ತೊಳೆಯಬೇಕಾಯಿತು. ಕೆಲಸಗಾರರ ಜೊತೆಯಲ್ಲಿ ಸಾಮಾನ್ಯ ನಾಗರಿಕರೂ ಸ್ವಇಚ್ಛೆಯಿಂದ ಬಂದು ಮರಳನ್ನು ಬಳಿದರು. ಅಂದಿನವರೆಗೆ ತೀರದಿಂದ ಪಡೆಯುತ್ತಿದ್ದವರು ಅಂದು ತೀರಕ್ಕೆ ಕೊಟ್ಟ ದಿನ. ದೂರದಿಂದ ಚಿತ್ರದಂತೆ ಕಂಡು ಎಣಿಕೆಗೆ ಒದಗುವ ಹಡಗುಗಳ ಹೊಟ್ಟೆಯಲ್ಲಿ ಏನಿದೆಯೆಂಬುದೂ ಅಂದು ಎಲ್ಲರಿಗೂ ತಿಳಿಯಿತು.

ನಾಲ್ಕನೆಯದು ಮುಂದಿನವರ ಚಿಂತೆ. ಸಿಂಗಪುರದ ನೆಲದಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ಭಾಗವು ಸಮುದ್ರಮಟ್ಟದಿಂದ ೫ ಮೀಟರಿಗೂ ಕಡಿಮೆ ಎತ್ತರದಲ್ಲಿದೆ. ೨೧೦೦ರ ವೇಳೆಗೆ ಕಡಲು ಒಂದು ಮೀಟರಿಗೂ ಮಿಕ್ಕಿ ಏರಬಹುದೆಂದು ಅಲ್ಲಿಯ ವಿಜ್ಞಾನಿಗಳು ಎಣಿಸಿದ್ದಾರೆ. ಇದಕ್ಕಾಗಿ ಈ ಉದ್ಯಾನದ ಮುಂದಿನ ಕಡಲಿನಲ್ಲಿ ಸುಮಾರು ೮೦೦ ಹೆಕ್ಟೇರು ನೆಲವನ್ನು ಇನ್ನೂ ಎತ್ತರವಾಗಿ ಎಬ್ಬಿಸಿ, ನಡುವೆ ಸಿಹಿನೀರಿನ ಜಲಾಶಯವನ್ನು ಮಾಡುವ ಯೋಜನೆಯನ್ನು ೨೦೨೩ರ ನವೆಂಬರಿನಲ್ಲಿ ಸರಕಾರವು ಪ್ರಕಟಿಸಿತು. ಅದು ಕೈಗೂಡಿದರೆ ಇಂದಿನ ಬೆಂಚಿನಿಂದ ಕಾಣುವುದು ಕಡಲಲ್ಲ, ಕೊಳ. ಕಾಟೋಂಗಿನ ಬಂಗಲೆಯವನಿಗೆ ಆದದ್ದೇ ಇಂದು ನಡೆದಾಡುವವನಿಗೂ ಆಗಬಹುದು. ನೋಟವನ್ನು ತನ್ನದೆಂದು ತಿಳಿದವನು ಆಗ ವ್ಯಥೆಪಡುತ್ತಾನೆ. ಋಣವೆಂದು ತಿಳಿದವನು, ಮುಂದಿನವರ ಕಾಲಡಿಯ ನೆಲಕ್ಕಾಗಿ ಹಾಗಾಗುವುದಾದರೆ, ಸರಿದು ಜಾಗ ಕೊಡುತ್ತಾನೆ.

ಈ ವಿಚಾರವು ಸಿಂಗಪುರಕ್ಕೆ ಮುಗಿಯತಕ್ಕದ್ದಲ್ಲ. ಅಲ್ಲಿ ಕಡಲೆಕಾಯಿಯ ಸಿಪ್ಪೆಯನ್ನೂ ಜೇಬಿನಲ್ಲಿಟ್ಟುಕೊಂಡು ಕಸದ ತೊಟ್ಟಿಯನ್ನು ಹುಡುಕುವ ಗೃಹಸ್ಥನು ಊರಿಗೆ ಮರಳಿ ಪಣಂಬೂರಿನಲ್ಲೋ ಮಲ್ಪೆಯಲ್ಲೋ ಬಾಟಲಿಯನ್ನು ಮರಳಿಗೆ ಎಸೆಯುವುದುಂಟು. ಅಲ್ಲಿ ಅವನನ್ನು ತಡೆದದ್ದು ದಂಡದ ಭಯ. ಭಯವು ವಿಮಾನವನ್ನು ಹತ್ತಿ ಜೊತೆಗೆ ಬರಲಿಲ್ಲ. ೩೦೦ ಕಿಲೋಮೀಟರಿಗೂ ಮಿಕ್ಕ ಕನ್ನಡ ಕರಾವಳಿಯಲ್ಲಿ ಬೆಸ್ತರು ಇಂದಿಗೂ ದಂಡೆಯ ಮೇಲೆಯೇ ಬದುಕಿದ್ದಾರೆ. ಕೈರಂಪಣಿ ಬಲೆಯನ್ನು ಎಳೆಯುವುದಕ್ಕೆ, ಮೀನನ್ನು ಒಣಗಿಸುವುದಕ್ಕೆ, ದೋಣಿಯನ್ನು ಏರಿಸುವುದಕ್ಕೆ ಅವರಿಗೆ ಮರಳು ಬೇಕು. ಸಂಜೆಯ ಸೊಬಗನ್ನು ಸವಿಯಲು ಬಂದವನು ಒಣಮೀನಿನ ವಾಸನೆಗೆ ಮೂಗು ಮುಚ್ಚಿ, ಇವರನ್ನು ಇಲ್ಲಿಂದ ಎಬ್ಬಿಸಬಾರದೆ ಎಂದು ಗೊಣಗುವುದು ಕೇಳಿಬರುತ್ತದೆ. ಕಾಲುದಾರಿಗಳೂ ಬೈಸಿಕಲ್ ದಾರಿಗಳೂ ಇಲ್ಲಿಯೂ ಬರಲಿ; ಬೇಕಾದುವೇ. ಆದರೆ ಸಿಂಗಪುರದಲ್ಲಿ ಆಗಿಹೋದದ್ದನ್ನು ಇನ್ನು ನೆನೆಯಬಹುದು ಅಷ್ಟೆ. ಇಲ್ಲಿಯಾದರೋ ಬೆಸ್ತನು ಇನ್ನೂ ದಂಡೆಯಲ್ಲಿದ್ದಾನೆ. ಅವನ ಬಲೆಗೆ ಜಾಗವನ್ನು ಬಿಟ್ಟು ಮಿಕ್ಕುದರಲ್ಲಿ ಉದ್ಯಾನವನ್ನು ಮಾಡುವ ಅವಕಾಶ ಇನ್ನೂ ಕೈಯಲ್ಲಿದೆ. ಕಳೆದ ಮೇಲೆ ಸ್ಮರಿಸುವುದಕ್ಕಿಂತ ಕಳೆಯದಂತೆ ನೋಡಿಕೊಳ್ಳುವುದು ಸುಲಭವಾದ ಋಣಪರಿಹಾರ.

ಕನ್ನಡದಲ್ಲಿ ‘ತೀರದ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು: ದಡಕ್ಕೆ ಸೇರಿದುದು ಒಂದು, ಮುಗಿಯದುದು ಇನ್ನೊಂದು. ಕಡಲ ತಡಿಯಲ್ಲಿ ನಡೆಯುವವನ ಋಣಕ್ಕೆ ಎರಡು ಅರ್ಥಗಳೂ ಸಲ್ಲುತ್ತವೆ. ಮುಗಿಯದ ಋಣವೆಂದು ಅದಕ್ಕೆ ಅಂಜಬೇಕಾಗಿಲ್ಲ. ಪ್ರತಿದಿನವೂ ಸ್ವಲ್ಪಸ್ವಲ್ಪವಾಗಿ ಸಲ್ಲಿಸುತ್ತ, ಪ್ರತಿದಿನವೂ ಮತ್ತೆ ಪಡೆಯುತ್ತ ಇರಬಹುದಾದ ಋಣವದು.